ಮೋಡಕಾಕ್ಕೆ ಹೋಗದ ಬಸ್ಸು

ಇಂಗ್ಲೆಂಡಿನ ಸಾಲಿಸ್‌ಬರಿ ಬಯಲಿನಲ್ಲಿ ಇಂಬರ್ ಅಂತ ಒಂದು ಊರು. 1943ರ ನವೆಂಬರ್‌ನಲ್ಲಿ ಸೇನೆಯವರು ಅಲ್ಲಿಯ ಜನಕ್ಕೆ 47 ದಿನ ಗಡುವು ಕೊಟ್ಟು ಮನೆಮಠ ಬಿಡಿಸಿದರು. ಯುದ್ಧ ಮುಗಿಯಿತು, ಊರು ಮಾತ್ರ ಮರಳಿ ಸಿಗಲಿಲ್ಲ. ಈಗಲೂ ಅದು ಸೈನಿಕರ ತಾಲೀಮಿನ ಜಾಗ. ಅಂಥ ಹಾಳೂರಿಗೆ 2009ರಲ್ಲಿ ಒಂದು ದಿನದ ಮಟ್ಟಿಗೆ ಬಸ್ ಬಿಟ್ಟರು. ಆಮೇಲೆ ಅದೇ ರೂಢಿಯಾಯಿತು. ಸಾಮಾನ್ಯವಾಗಿ ಆಗಸ್ಟ್‌ನಲ್ಲಿ, ವಾರ್ಮಿನ್‌ಸ್ಟರ್ ಪೇಟೆಯಿಂದ ಹೊರಡುವ ಈ ಬಸ್ಸಿನ ನಂಬರು 23ಎ. ಓಡುವವು ಹೆಚ್ಚಾಗಿ ಲಂಡನ್ನಿನ ಕೆಂಪು ಡಬಲ್ ಡೆಕ್ಕರ್ ರೂಟ್‌ಮಾಸ್ಟರ್‌ಗಳು. 1956ರಲ್ಲಿ ಜನರನ್ನು ಹತ್ತಿಸಿಕೊಳ್ಳಲು ಶುರುಮಾಡಿ, 2005ರ ಡಿಸೆಂಬರ್‌ನಲ್ಲಿ ನಿತ್ಯದ ಕೆಲಸದಿಂದ ನಿವೃತ್ತಿಯಾದ ಗಾಡಿಗಳು.

ಹಳೇ ಬಸ್ಸಿನ ಓಡಾಟದ ದಿನ ಅಂದರೆ ಇದು. ಕಾರಿನವರು ಮಾಡುವ ಹಾಗೆ ಗಾಡಿ ತೊಳೆದು, ಹಾರ ಹಾಕಿ, ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಫೋಟೊ ಹೊಡೆಸುವುದಲ್ಲ. ಬಸ್ಸು ತನ್ನ ಕಸುಬು ಮಾಡಬೇಕು. ಬೋರ್ಡು ಬೇಕು, ವೇಳಾಪಟ್ಟಿ ಬೇಕು, ಕಂಡಕ್ಟರು ಬೇಕು, ಹತ್ತಿ ಇಳಿಯುವ ಜನ ಬೇಕು. ಇಳಿವಯಸ್ಸಿನ ಕುಸ್ತಿ ಪೈಲ್ವಾನನನ್ನು ವರ್ಷಕ್ಕೊಮ್ಮೆ ಅಖಾಡಕ್ಕೆ ಇಳಿಸಿದ ಹಾಗೆ.

ಇದರ ಬೇರು ಹುಡುಕಿದರೆ 1956ಕ್ಕೆ ಹೋಗುತ್ತದೆ. ಲಂಡನ್ನಿನ ಕೆಲವು ಗೆಳೆಯರು ಆ ವರ್ಷ ಹಣ ಕೂಡಿಸಿ, ಗುಜರಿಗೆ ಹೊರಟಿದ್ದ 1929ರ ಬಸ್ಸೊಂದನ್ನು ಕೊಂಡರು. ಟಿ31 ಅದರ ನಂಬರು. ಬಸ್ಸು ಕೊಂಡು ಏನು ಮಾಡುತ್ತೀರಿ ಅಂತ ಜನ ನಕ್ಕಿರಬೇಕು. ಅದು ಈಗ ಬ್ರೂಕ್‌ಲ್ಯಾಂಡ್ಸ್‌ನ ಬಸ್ ಮ್ಯೂಸಿಯಮ್ಮಿನಲ್ಲಿದೆ.

ಅದೇ 1956ರಲ್ಲಿ ನಮ್ಮ ರೋಣದ ಬಸ್ಸುಗಳೂ ಧಣಿಯನ್ನು ಬದಲಾಯಿಸಿದವು. ನವೆಂಬರ್ 1ರವರೆಗೆ ರೋಣ, ನರಗುಂದ, ಗಜೇಂದ್ರಗಡ ಎಲ್ಲ ಮುಂಬೈ ರಾಜ್ಯದ ಧಾರವಾಡ ಜಿಲ್ಲೆ. ಮುಂಬೈ ಸರ್ಕಾರದ ಸಾರಿಗೆಯ ಮೊದಲ ಬಸ್ಸು ಪುಣೆ–ಅಹಮದನಗರ ನಡುವೆ ಓಡಿದ್ದು 1948ರ ಜೂನ್ 1ಕ್ಕೆ. ಅದೇ ವರ್ಷ ಸೆಪ್ಟೆಂಬರ್ 12ಕ್ಕೆ ಮೈಸೂರು ಸರ್ಕಾರ 120 ಬಸ್ಸು ಇಟ್ಟುಕೊಂಡು ತನ್ನ ಸಾರಿಗೆ ಇಲಾಖೆ ತೆರೆಯಿತು. ಇವೆರಡಕ್ಕೂ ಮುಂಚೆ, 1932ರಲ್ಲೇ, ಹೈದರಾಬಾದಿನ ನಿಜಾಮರು 27 ಬಸ್ಸು ಓಡಿಸಿದ್ದರು. ಗಜೇಂದ್ರಗಡದಿಂದ ಕುಷ್ಟಗಿ ಕಡೆ ನಾಲ್ಕು ಹೆಜ್ಜೆ ಇಟ್ಟರೆ ಹೈದರಾಬಾದ್ ಸೀಮೆ. ಇವೆಲ್ಲ ಒಂದೇ ರಾಜ್ಯವಾಗಿ, 1961ರ ಆಗಸ್ಟ್‌ನಲ್ಲಿ ನಿಗಮ ಹುಟ್ಟಿ, 1997ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ವಾಯವ್ಯ ಸಾರಿಗೆ ಬೇರೆಯಾಗಿ, ಈಗ ರೋಣಕ್ಕೊಂದು, ಗಜೇಂದ್ರಗಡಕ್ಕೊಂದು, ನರಗುಂದಕ್ಕೊಂದು ಡಿಪೋ ಇವೆ.

ಈ ಸೀಮೆಗೆ ಬಸ್ಸು ಶೋಕಿಯಲ್ಲ. ಗದಗ–ಹೊಟಗಿ ರೈಲು ಮಲ್ಲಾಪುರ, ಹೊಳೆಆಲೂರು ಹಿಡಿದು ಹೋಗುತ್ತದೆ. ಈ ಮೂರು ಪೇಟೆಗಳ ಒಳಗೆ ಬರುವುದಿಲ್ಲ. ಬೆಣ್ಣೆಹಳ್ಳ ತುಂಬಿದರೆ ಗಾಡಿ ಆಚೆ ದಂಡೆಯಲ್ಲೇ ನಿಂತುಬಿಡುತ್ತದೆ, ಎರೆಮಣ್ಣಿನ ರಸ್ತೆ ನೆನೆದರೆ ಗಾಲಿ ಹೂತು ಕೂರುತ್ತದೆ. ರಾತ್ರಿ ಹಳ್ಳಿಗೆ ಹೋಗಿ ಅಲ್ಲೇ ಉಳಿದು ನಸುಕಿನಲ್ಲಿ ಹೊರಡುವ ವಸ್ತಿ ಬಸ್ಸು ಊರಿನ ಗಡಿಯಾರವೇ ಆಗಿತ್ತು. ಅದರ ಸದ್ದಿಗೆ ಒಲೆ ಹೊತ್ತುತ್ತಿದ್ದವು.

ಇನ್ನೂ ಹಿಂದಿನದು ಕೇಳಿದರೆ ಇಂದಿನ ಮಕ್ಕಳು ಕಟ್ಟುಕತೆ ಅಂದಾರು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ನಮ್ಮ ನಾಡಿನ ಬಸ್ಸುಗಳು ಇದ್ದಿಲು ಉಂಡು ಓಡಿದವು. ಗಾಡಿಯ ಹಿಂಭಾಗಕ್ಕೆ ಹಂಡೆಯಂಥ ಡ್ರಮ್ಮು. ಅದರಲ್ಲಿ ಇದ್ದಿಲು ತುಂಬಿ, ಗಾಳಿ ಅರೆಬರೆ ಸಿಗುವಂತೆ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದನ್ನು ಸೋಸಿ ಎಂಜಿನ್ನಿಗೆ ಕಳಿಸುವುದು. ಹೊರಡುವ ಮುಂಚೆ ಕ್ಲೀನರ್ ಹುಡುಗ ಹೊತ್ತುಗಟ್ಟಲೆ ಫ್ಯಾನು ತಿರುಗಿಸಿ ಬೆಂಕಿ ಎಬ್ಬಿಸಬೇಕು. ಪೆಟ್ರೋಲಿನ ಕಸುವು ಇದ್ದಿಲಿಗೆಲ್ಲಿ? ಏರು ಬಂದರೆ ಪ್ರಯಾಣಿಕರು ಇಳಿದು ನೂಕುವುದೇ. ಚಾರ್ಜು ಕೊಟ್ಟು ಬಸ್ಸು ತಳ್ಳುವ ಯೋಗ! ಆಮೇಲೆ ಬಂದವು ಟಾಟಾ ಮರ್ಸಿಡಿಸ್ ಬೆಂಜ್ (ಜಮ್‌ಶೆಡ್‌ಪುರದಲ್ಲಿ 1954ರಿಂದ), ಲೇಲ್ಯಾಂಡ್ ಕಾಮೆಟ್‌ಗಳು. ಮೂತಿ ಮುಂದಕ್ಕಿದ್ದ ಬಸ್ಸು, ಮರದ ಚೌಕಟ್ಟು, ಕಂಡಕ್ಟರನ ಕೈಯಲ್ಲಿ ಬಣ್ಣಬಣ್ಣದ ಟಿಕೆಟಿನ ಕಟ್ಟು, ಟಿಕ್ ಟಿಕ್ ಅನ್ನುವ ಪಂಚು, ‘ಹೋಲ್ಡಾನ್’, ‘ರೈಟ್’.

ಅವೆಲ್ಲ ಎಲ್ಲಿಗೆ ಹೋದವು? ಹರಾಜಿಗೆ, ಅಲ್ಲಿಂದ ಮೋಡಕಾ ಬಜಾರಿಗೆ. ನಿಗಮವನ್ನು ದೂರಿ ಫಲವಿಲ್ಲ. ಜನ ಸಾಗಿಸುವುದು ಅದರ ಕೆಲಸ, ಚರಿತ್ರೆ ಕಾಯುವುದಲ್ಲ. ಈಗಂತೂ ಕಾನೂನೇ ಅಡ್ಡ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನದ ನೋಂದಣಿ ಉಳಿಯುವುದಿಲ್ಲ, ಸಾರಿಗೆ ನಿಗಮದ ಬಸ್ಸೂ ಅದರಲ್ಲಿ ಸೇರಿತು. 2021ರಲ್ಲಿ ಕೇಂದ್ರ ‘ವಿಂಟೇಜ್’ ವಾಹನಗಳಿಗೆ ಬೇರೆ ನಿಯಮ ತಂದಿತಾದರೂ ಅದು 50 ವರ್ಷ ದಾಟಿದ ಬೈಕು, ಕಾರಿನಂಥವಕ್ಕೆ. ಧಣಿಯ ಕಾರಿಗೆ ಮರ್ಯಾದೆ ಉಂಟು, ಊರಿಗೆಲ್ಲ ದುಡಿದ ಆರು ಗಾಲಿಯ ಬಸ್ಸಿಗೆ ಇಲ್ಲ. ನನಗೆ ಇದು ಸರಿಕಾಣುವುದಿಲ್ಲ.

ಮುಂಬೈಯವರು ಸ್ವಲ್ಪ ಜಾಣರು. ಅಲ್ಲಿಯ ನಗರ ಸಾರಿಗೆ ನಡೆಸುವ ಬೆಸ್ಟ್ ಸಂಸ್ಥೆಗೆ ಆಣಿಕ್ ಡಿಪೋದಲ್ಲಿ ತನ್ನದೇ ಮ್ಯೂಸಿಯಂ ಇದೆ. ಮುಂಬೈಯ ಕೊನೆಯ ಹಳೇ ಡೀಸೆಲ್ ಡಬಲ್ ಡೆಕ್ಕರ್ 2023ರ ಸೆಪ್ಟೆಂಬರ್ 15ರಂದು ಓಡಿದಾಗ ಜನ ಅದನ್ನು ಸಿಂಗರಿಸಿ ಕಳಿಸಿಕೊಟ್ಟರು. ಬಸ್ಸಿಗೂ ಬೀಳ್ಕೊಡುಗೆ ಇರಬಹುದು ಅಂತ ಅವರಿಗೆ ಹೊಳೆಯಿತು.

ಹಾಗಂತ ಹೊಸ ಚಾಸಿಯ ಮೇಲೆ ನಕಲಿ ಮೂತಿ ಕಟ್ಟಿ ಹಳೆಯ ಬಸ್ಸು ಅಂತ ತರುವುದು ಬೇಡ. ಅದು ನಾಟಕ ಕಂಪನಿಯ ಕಿರೀಟ. ಟಿ31 ಕೊಂಡವರ ಕಣ್ಣಿಗೆ ಅದು ಮ್ಯೂಸಿಯಮ್ಮಿನ ಒಡವೆಯಾಗಿರಲಿಲ್ಲ, ನಿನ್ನೆಯವರೆಗೆ ತಾವೇ ಹತ್ತುತ್ತಿದ್ದಂಥ ಬಸ್ಸು ಅಷ್ಟೇ. ನಮ್ಮಲ್ಲಿಯೂ ಶುರುವಾಗಬೇಕಾದ್ದು ಅಲ್ಲಿಂದಲೇ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದಾಗ ಹೆಣ್ಣುಮಕ್ಕಳು ಟಿಕೆಟಿಗೆ ಕಾಸು ಕೊಡದೆ ಹತ್ತಿದ ಬಸ್ಸುಗಳು ಇನ್ನೂ ಓಡುತ್ತಿವೆ. ಅವುಗಳ ಸರದಿಯೂ ಬರುತ್ತದೆ.

ವಾಯವ್ಯ ಸಾರಿಗೆಯವರಲ್ಲಿ ಒಂದು ಮಾತು: ರೋಣ ಡಿಪೋದಿಂದ ಮುಂದಿನ ಸಲ ಹರಾಜಿಗೆ ಹೋಗುವ ಸಾಲಿನಲ್ಲಿ ಒಂದೇ ಒಂದು ಗಾಡಿ ತೆಗೆದಿಡಿ. ಬೋರ್ಡು, ಸೀಟು, ಬಣ್ಣ ಯಾವುದನ್ನೂ ಮುಟ್ಟಬೇಡಿ. ರಸ್ತೆಗೆ ಪರವಾನಗಿ ಸಿಗದಿದ್ದರೆ ವರ್ಷಕ್ಕೊಮ್ಮೆ ಡಿಪೋದ ಅಂಗಳದಲ್ಲೇ ನಾಲ್ಕು ಸುತ್ತು ಓಡಲಿ. ಓದುಗರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಅಪ್ಪನ ಕಾಲದ ಪಂಚೋ, ತಗಡಿನ ಟಿಕೆಟ್ ಪೆಟ್ಟಿಗೆಯೋ ಇದ್ದರೆ, ಈ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ದಯಮಾಡಿ ಅದನ್ನು ಮೋಡಕಾದವನ ತಕ್ಕಡಿಗೆ ಹಾಕಬೇಡಿ.