ಹಿಂಭಾರ, ಮುಂಭಾರ ಮತ್ತು ಪುಟ್ಟ ವಿಮಾನ

ಎತ್ತಿನ ಗಾಡಿಗೆ ಕಬ್ಬು ಹೇರಿ ಬಲ್ಲವರಿಗೆ ಈ ವಿಷಯ ಹೊಸದಲ್ಲ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಕುಸಿಯುತ್ತದೆ. ನಾಲ್ಕು ಸೀಟಿನ ವಿಮಾನಕ್ಕೆ ಸಾಮಾನು ಹೇರುವಾಗಲೂ ಪೈಲಟ್ ನೋಡುವುದು ಇದನ್ನೇ. ಗಾಡಿಯಾದರೆ ದಾರಿಯಲ್ಲಿ ನಿಲ್ಲಿಸಿ ಹೊರೆ ಸರಿಸಬಹುದು, ವಿಮಾನದಲ್ಲಿ ಹಾಗಾಗದು. ಅದಕ್ಕೇ ಎಂಜಿನ್ ಚಾಲೂ ಮಾಡುವ ಮೊದಲೇ ಕಾಗದದ ಮೇಲೆ ಲೆಕ್ಕ ಮುಗಿದಿರಬೇಕು.

ತರಬೇತಿಗೆ ಹೆಚ್ಚಾಗಿ ಬಳಸುವ ಸೆಸ್ನಾ 172ಎಸ್ ವಿಮಾನವನ್ನೇ ತೆಗೆದುಕೊಳ್ಳೋಣ. ಇದರ ಕೈಪಿಡಿ ಪೌಂಡು, ಇಂಚುಗಳಲ್ಲಿದೆ. ನಮ್ಮ ಅನುಕೂಲಕ್ಕೆ ಕೆ.ಜಿ., ಸೆಂ.ಮೀ.ಗೆ ಬದಲಿಸಿದ್ದೇನೆ. ಮೇಲೇರುವಾಗ ಒಟ್ಟು ತೂಕ 1,157 ಕೆ.ಜಿ. ಮೀರಬಾರದು. ದೂರವನ್ನು ಎಂಜಿನ್ ಹಿಂದಿರುವ ಫೈರ್‌ವಾಲ್‌ನಿಂದ ಅಳೆಯುತ್ತಾರೆ. ಮುಂದಿನ ಸೀಟು 94 ಸೆಂ.ಮೀ., ಇಂಧನ 122, ಹಿಂದಿನ ಸೀಟು 185, ಅದರ ಹಿಂದಿನ ಸಾಮಾನಿನ ಜಾಗ 241. ಆ ಜಾಗದಲ್ಲಿ 54 ಕೆ.ಜಿ.ಗಿಂತ ಹೆಚ್ಚು ಇಡುವಂತಿಲ್ಲ.

ಪ್ರತಿ ತೂಕವನ್ನೂ ಅದರ ದೂರದಿಂದ ಗುಣಿಸಿದರೆ ಬರುವುದು ಮೊಮೆಂಟ್. ಮೊಮೆಂಟುಗಳನ್ನೆಲ್ಲ ಕೂಡಿ ಒಟ್ಟು ತೂಕದಿಂದ ಭಾಗಿಸಿದರೆ ಗುರುತ್ವ ಕೇಂದ್ರ ಸಿಗುತ್ತದೆ. ಇದು ಹಿಂದಕ್ಕೆ 120 ಸೆಂ.ಮೀ. ದಾಟಬಾರದು. ಮುಂದಿನ ಮಿತಿ ತೂಕದೊಂದಿಗೆ ಬದಲಾಗುತ್ತದೆ. ಪೂರ್ತಿ ತೂಕದಲ್ಲಿ ಅದು 104.

ಖಾಲಿ ವಿಮಾನ 770 ಕೆ.ಜಿ., ಅದರ ಕೇಂದ್ರ 102 ಸೆಂ.ಮೀ. ಎಂದಿಟ್ಟುಕೊಳ್ಳಿ. (ಒಂದೊಂದು ವಿಮಾನಕ್ಕೂ ಇದು ಬೇರೆ, ಅದರ ದಾಖಲೆಯಲ್ಲೇ ನೋಡಬೇಕು.) ಮುಂದೆ 75 ಕೆ.ಜಿ.ಯ ಪೈಲಟ್ ಒಬ್ಬರೇ. ಹಿಂದೆ ತಲಾ 80 ಕೆ.ಜಿ.ಯ ಇಬ್ಬರು, ಅವರ ಹಿಂದೆ 50 ಕೆ.ಜಿ. ಸಾಮಾನು. ಇಂಧನ 90 ಲೀಟರ್, ಲೀಟರಿಗೆ 0.72 ಕೆ.ಜಿ.ಯಂತೆ 65 ಕೆ.ಜಿ. ಒಟ್ಟು 1,120. ಮಿತಿಗಿಂತ 37 ಕೆ.ಜಿ. ಕಡಿಮೆಯೇ ಇದೆ, ಹೊರಡೋಣ ಅನ್ನಿಸುತ್ತದೆ. ಆದರೆ ಮೊಮೆಂಟುಗಳ ಮೊತ್ತ 1,35,170. ಭಾಗಿಸಿದರೆ 120.7. ವಿಮಾನ ಹಿಂಭಾರವಾಗಿದೆ!

ಒಂದು ಕಿಲೋ ಇಳಿಸದೆಯೂ ಇದನ್ನು ಸರಿಪಡಿಸಬಹುದು. ಹಿಂದಿನವರಲ್ಲಿ ಒಬ್ಬರು ಮುಂದಿನ ಖಾಲಿ ಸೀಟಿಗೆ ಬಂದರೆ 80 ಕೆ.ಜಿ. 91 ಸೆಂ.ಮೀ. ಮುಂದೆ ಸರಿಯಿತು. 80ನ್ನು 91ರಿಂದ ಗುಣಿಸಿ 1,120ರಿಂದ ಭಾಗಿಸಿ: ಕೇಂದ್ರ 6.5 ಸೆಂ.ಮೀ. ಮುಂದೆ ಬಂದು 114.2ರಲ್ಲಿ ನಿಲ್ಲುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ತೂಕ ಎಷ್ಟೆಂದು ಕೇಳಿದರಷ್ಟೇ ಸಾಲದು, ಎಲ್ಲಿ ಕೂತಿದೆ ಎಂದೂ ಕೇಳಬೇಕು. ಹಾಗೆಯೇ ಸಾಮಾನನ್ನು ಬಲೆಯಿಂದ ಬಿಗಿಯದಿದ್ದರೆ ಅದು ಗಾಳಿಯಲ್ಲಿ ಜಾರಿ, ಮಾಡಿದ ಲೆಕ್ಕವೆಲ್ಲ ಕೆಡುತ್ತದೆ.

ಮುಂಭಾರವಾದರೆ ಮೂಗು ಎತ್ತುವುದು ಕಷ್ಟ, ರನ್‌ವೇ ಹೆಚ್ಚು ಬೇಕು, ಇಳಿಯುವಾಗ ಮುಂಗಾಲಿಗೆ ಪೆಟ್ಟು. ಹಿಂಭಾರ ಇನ್ನೂ ಅಪಾಯ. ಮೂಗು ತಾನಾಗಿ ಮೇಲೇಳುತ್ತದೆ, ವೇಗ ಕುಸಿಯುತ್ತದೆ, ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ. ಮೂಗು ತಗ್ಗಿಸಲು ಬಾಲದ ಬಲ ಸಾಲದೆ ಹೋಗಬಹುದು.

2003ರ ಜನವರಿ 8ರಂದು ಅಮೆರಿಕದ ಶಾರ್ಲಟ್‌ನಲ್ಲಿ ಬೀಚ್‌ಕ್ರಾಫ್ಟ್ 1900ಡಿ ವಿಮಾನ ಮೇಲೇರಿದ ಕೂಡಲೇ ಬಿದ್ದು 21 ಜನರೂ ಸತ್ತರು. ಬಾಲದ ಎಲಿವೇಟರ್‌ನ ಜೋಡಣೆ ತಪ್ಪಾಗಿತ್ತು. ಜೊತೆಗೆ ಗುರುತ್ವ ಕೇಂದ್ರವೂ ಹಿಂದಿನ ಮಿತಿ ದಾಟಿತ್ತು. ಪ್ರಯಾಣಿಕರನ್ನು ತೂಗದೆ ಸರಾಸರಿ ತೂಕ ಹಿಡಿದಿದ್ದರು. ನಿಜವಾದ ತೂಕ ಅದಕ್ಕಿಂತ ಹೆಚ್ಚಿತ್ತು. ಆ ಬಳಿಕ ಅಲ್ಲಿ ಸರಾಸರಿಯ ಅಂಕಿಯನ್ನೇ ಏರಿಸಿದರು.

ಪುಟ್ಟ ವಿಮಾನ ಹತ್ತುವಾಗ ಯಾರಾದರೂ ನಿಮ್ಮ ತೂಕ ಕೇಳಿದರೆ ಸಂಕೋಚ ಬೇಡ. ಕೈಚೀಲವನ್ನೂ ಸೇರಿಸಿ, ಇದ್ದುದನ್ನು ಇದ್ದ ಹಾಗೆ ಹೇಳಿ.