ಗಿರಣಿಯವರ ಕಡಲು: ಬ್ಲ್ಯಾಕ್‌ಪೂಲ್

ಮಗನೋ ಮಗಳೋ ಮ್ಯಾಂಚೆಸ್ಟರಿನಲ್ಲಿದ್ದು, ನೀವು ನಾಲ್ಕು ದಿನ ಅಲ್ಲಿಗೆ ಹೋಗಿರುವಿರೆಂದು ಇಟ್ಟುಕೊಳ್ಳಿ. ರಜೆಯ ದಿನ ಬ್ಲ್ಯಾಕ್‌ಪೂಲಿಗೆ ಹೊರಡುವ ಮಾತು ಬರಬಹುದು. ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆಯ ದಾರಿ. ಮಲ್ಪೆಯನ್ನೋ ಕಾರವಾರವನ್ನೋ ಕಂಡ ಕಣ್ಣಿಗೆ ಅಲ್ಲಿಯ ದಡ ಮೊದಲ ನೋಟಕ್ಕೆ ನಿರಾಶೆಯನ್ನೇ ತರುತ್ತದೆ. ಬೂದು ಬಣ್ಣದ ಐರಿಷ್ ಸಮುದ್ರ. ಮೈ ಕೊರೆಯುವ ಗಾಳಿ. ಬೇಸಗೆಯೆಂದು ಹೆಸರು, ಆದರೂ ಉಣ್ಣೆಯಂಗಿ ಬಿಡುವಂತಿಲ್ಲ. ಇದನ್ನು ನೋಡಲು ಇಷ್ಟು ದೂರ ಬರಬೇಕಿತ್ತೆ ಎನ್ನಬೇಡಿ. ಆ ಊರಿನ ಕಥೆಯನ್ನು ಕೇಳಿ ಆಮೇಲೆ ಊರನ್ನು ನೋಡಬೇಕು.

ಇಂಗ್ಲೆಂಡಿನ ಸಿರಿವಂತರು ಕಡಲಿಗೆ ಇಳಿದದ್ದು ವಿನೋದಕ್ಕಿಂತ ಹೆಚ್ಚಾಗಿ ಔಷಧಕ್ಕಾಗಿ. 1750ರಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯನು ಗ್ರಂಥಿಗಳ ರೋಗಕ್ಕೆ ಸಮುದ್ರದ ನೀರು ಹಿತವೆಂದು ಲ್ಯಾಟಿನ್ ಭಾಷೆಯಲ್ಲಿ ಬರೆದ. ಮೀಯಲು ಮಾತ್ರವಲ್ಲ, ಕುಡಿಯಲೂ ಹೇಳಿದ! ಬಡವರಿಗೆ ಕಡಲನ್ನು ತಂದುಕೊಟ್ಟದ್ದು ರೈಲು. ಬ್ಲ್ಯಾಕ್‌ಪೂಲಿಗೆ ಅದು ಬಂದದ್ದು 1846ರಲ್ಲಿ.

ಆ ರೈಲಿನಲ್ಲಿ ಬಂದವರಲ್ಲಿ ಬಹುಮಂದಿ ಲಂಕಾಷೈರಿನ ಹತ್ತಿಗಿರಣಿಗಳ ಕೆಲಸಗಾರರು. ಅವರಿಗೆ ‘ವೇಕ್ಸ್’ ಎಂಬ ರಜೆಯ ವಾರವೊಂದಿತ್ತು. ಆ ಮಾತಿನ ಮೂಲಾರ್ಥ ಜಾಗರಣೆ. ಇಗರ್ಜಿಯ ಸಂತನ ಹಬ್ಬದ ಹಿಂದಿನ ರಾತ್ರಿ ಎಚ್ಚರವಾಗಿರುವುದು. ನಮ್ಮ ಊರ ಜಾತ್ರೆಗಳಂತೆ ಒಂದೊಂದು ಊರಿಗೆ ಒಂದೊಂದು ವಾರ. ಬೋಲ್ಟನ್, ಓಲ್ಡ್‌ಹ್ಯಾಮ್, ಬರ್ನ್ಲಿ, ಹೀಗೆ ಸರದಿಯ ಮೇಲೆ ಊರಿನ ಗಿರಣಿಗಳೆಲ್ಲ ಒಟ್ಟಿಗೆ ನಿಂತು, ಚಿಮಣಿಗಳು ಹೊಗೆಯುಗುಳುವುದನ್ನು ಬಿಟ್ಟು, ಬೀದಿಗೆ ಬೀದಿಯೇ ರೈಲು ಹತ್ತುತ್ತಿತ್ತು. ಸಂಬಳಸಹಿತ ರಜೆಯ ಕಾನೂನು ಆದದ್ದು 1938ರಲ್ಲಿ. ಅದಕ್ಕೆ ಮೊದಲು ಬಹುಮಂದಿಗೆ ಆ ವಾರ ಕೂಲಿಯೇ ಇಲ್ಲ. ವರ್ಷವೆಲ್ಲ ವಾರವಾರವೂ ಒಂದಿಷ್ಟು ಪೆನ್ನಿಗಳನ್ನು ಉಳಿತಾಯದ ಸಂಘಕ್ಕೆ ಕಟ್ಟಿ, ಏಳು ದಿನಗಳಲ್ಲಿ ಅದನ್ನು ಕರಗಿಸುತ್ತಿದ್ದರು. ಬಾಡಿಗೆ ಕೋಣೆಯ ಮನೆಯೊಡತಿಗೆ ತಮ್ಮ ದಿನಸಿಯನ್ನು ತಾವೇ ತಂದುಕೊಡುವುದು, ಆಕೆ ಬೇಯಿಸಿ ಬಡಿಸುವುದು. ಮೇಜಿನ ಮೇಲಿನ ಉಪ್ಪು ಮೆಣಸಿಗೂ ಬೇರೆ ಲೆಕ್ಕ ಬರೆಯುತ್ತಿದ್ದುದುಂಟು.

ಆ ಗಿರಣಿಗಳ ಬಟ್ಟೆ ನಮ್ಮ ನೇಕಾರರ ಮಗ್ಗಗಳನ್ನು ನಿಲ್ಲಿಸಿತೆಂಬುದನ್ನು ನಾವು ಮರೆಯಲಾರೆವು. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ತಪ್ಪಿದಾಗ ಲಂಕಾಷೈರಿನ ಧಣಿಗಳ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೂ ಬಿತ್ತು; ಅದನ್ನು ಸಾಗಿಸಲೆಂದೇ ಕಾರವಾರದ ಬಂದರಿಗೆ ಮಹತ್ವ ಬಂದಿತು. ಆದರೆ ಧಣಿ ಬೇರೆ, ಆಳು ಬೇರೆ. ಹತ್ತಿ ಬಾರದ ಆ ದಿನಗಳಲ್ಲಿ ಅಲ್ಲಿಯ ಆಳು ಉಪವಾಸ ಬಿದ್ದ. ಹತ್ತಿ ಬಂದಾಗ ಅದರ ಧೂಳನ್ನು ಕುಡಿದು, ವರ್ಷಕ್ಕೊಂದು ವಾರ ಈ ಬೂದು ಕಡಲನ್ನು ನೋಡಿ ಹಿಗ್ಗಿದ.

ಇನ್ನು ಊರು. ಪ್ಯಾರಿಸಿನ ಐಫೆಲ್ ಗೋಪುರವನ್ನು ಕಂಡು ಕಟ್ಟಿದ ಗೋಪುರವು 1894ರಲ್ಲಿ ತೆರೆಯಿತು. ಎತ್ತರ 518 ಅಡಿ. ಅದರ ಬುಡದಲ್ಲಿರುವ ನೃತ್ಯಶಾಲೆಯನ್ನು ರೇಡಿಯೋ ಕೇಳುವವರು ತಪ್ಪದೆ ನೋಡಬೇಕು. 1930ರಿಂದ 1970ರವರೆಗೆ ರೆಜಿನಾಲ್ಡ್ ಡಿಕ್ಸನ್ ಎಂಬುವರು ಅಲ್ಲಿ ಆರ್ಗನ್ ನುಡಿಸಿದರು. ಬಿಬಿಸಿಯ ಮೂಲಕ ಅದು ಬ್ರಿಟನ್ನಿನ ಮನೆಮನೆಯನ್ನೂ ಮುಟ್ಟಿತು.

ಅಂಗಡಿಯಲ್ಲಿ ‘ರಾಕ್’ ಎಂಬ ಸಕ್ಕರೆಯ ಕಡ್ಡಿ ದೊರೆಯುತ್ತದೆ. ಎಲ್ಲಿ ಮುರಿದರೂ ಒಳಗೆ ಊರಿನ ಹೆಸರು! ಬಣ್ಣ ಹಾಕಿದ ಬಿಸಿ ಪಾಕದ ಪಟ್ಟಿಗಳಿಂದ ದೊಡ್ಡದೊಡ್ಡ ಅಕ್ಷರಗಳನ್ನು ಕೂಡಿಸಿ, ಬಿಳಿಯ ಪಾಕದ ಸುತ್ತ ಜೋಡಿಸಿ, ಮೇಲೊಂದು ಹೊದಿಕೆ ಸುತ್ತಿ, ಆ ದಪ್ಪ ದಿಂಡನ್ನು ಹಗ್ಗದಂತೆ ಎಳೆಯುತ್ತಾರೆ. ದಿಂಡು ಸಣ್ಣದಾದಂತೆ ಅಕ್ಷರವೂ ಸಣ್ಣದಾಗುತ್ತದೆ, ಅಳಿಯುವುದಿಲ್ಲ. ನಮ್ಮ ಒತ್ತಕ್ಷರಗಳನ್ನು ಹೀಗೆ ಎಳೆದರೆ ಏನಾದೀತೋ ತಿಳಿಯದು.

ಅಗ್ಗದ ವಿಮಾನಗಳು ಜನರನ್ನು ಸ್ಪೇನಿನ ಬಿಸಿಲಿಗೆ ಒಯ್ಯತೊಡಗಿದ ಮೇಲೆ, ಗಿರಣಿಗಳು ಮುಚ್ಚಿದ ಮೇಲೆ, ಆ ಹಳೆಯ ವಾರಗಳು ಹೋದವು. 1885ರಲ್ಲಿ ಮೊದಲಾದ ವಿದ್ಯುತ್ ಟ್ರಾಮು ದಡದುದ್ದಕ್ಕೂ ಇನ್ನೂ ಓಡುತ್ತಿದೆ. ಮೂರು ಕಟ್ಟೆಗಳು ಕಡಲೊಳಕ್ಕೆ ಇನ್ನೂ ಚಾಚಿಕೊಂಡಿವೆ. ಮರಳಿನ ಮೇಲೆ ಕತ್ತೆಸವಾರಿ ಉಂಟು. ಮೊಮ್ಮಕ್ಕಳು ಜೊತೆಗಿದ್ದರೆ ಶುಕ್ರವಾರ ಮಾತ್ರ ಹೋಗಬೇಡಿ: ಅಂದು ಕತ್ತೆಗಳಿಗೆ ವಾರದ ರಜೆ.