ಕರಿಕಲ್ಲು, ಫರಸಿ, ಎರೆ: ಸೇಡಂ–ಚಿಂಚೋಳಿ ಸೀಮೆಯ ಲಾವಾ ನೆಲ ಮತ್ತು ಜನಪದರ ತಿಳಿವು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಸೀಮೆಯಲ್ಲಿ ಬೆಂಕಿಯುಗುಳುವ ಬೆಟ್ಟ ಒಂದೂ ಇಲ್ಲ. ಆದರೂ ಇಲ್ಲಿನ ರೈತರು ‘ಎರೆ’ ಎಂದು ಕರೆಯುವ ಕಪ್ಪು ಮಣ್ಣು ಬಹುಮಟ್ಟಿಗೆ ಜ್ವಾಲಾಮುಖಿಯ ಕೊಡುಗೆ. ಈ ನೆಲದ ರಚನೆಯನ್ನು ಅರಿಯದೆ ಇಲ್ಲಿನ ಬೇಸಾಯದ ಆಚರಣೆಗಳನ್ನು ವಿವರಿಸ ಹೊರಟರೆ ವಿವರಣೆ ಅಪೂರ್ಣವಾಗುತ್ತದೆ.

ಭೂಗರ್ಭದಲ್ಲಿ ಕರಗಿದ ಸ್ಥಿತಿಯಲ್ಲಿರುವ ಶಿಲಾರಸವು ಮೇಲೆ ಬಂದು ಹರಿದಾಗ ಲಾವಾ ಎನಿಸಿಕೊಳ್ಳುತ್ತದೆ. ಜಪಾನಿನ ಫ್ಯೂಜಿಯಂತಹ ಕಡೆ ಅದು ಬಾಯಿಯ ಸುತ್ತ ರಾಶಿಗೊಂಡು ಶಂಕುವಿನಾಕಾರದ ಬೆಟ್ಟವಾಯಿತು. ದಖ್ಖನಿನಲ್ಲಿ ನಡೆದುದು ಬೇರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ತೆಳ್ಳನೆಯ ಲಾವಾ ದೂರದೂರಕ್ಕೆ ಹರಡಿ, ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿತು. ಇಂದು ಸುಮಾರು 5 ಲಕ್ಷ ಚದರ ಕಿಲೋಮೀಟರುಗಳಷ್ಟು ಉಳಿದಿರುವ ಈ ಹಾಸು ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಸಾವಿರಾರು ಅಡಿ ದಪ್ಪವಾಗಿದ್ದು, ಆಗ್ನೇಯಕ್ಕೆ ಬರುತ್ತ ತೆಳುವಾಗುತ್ತದೆ. ಅದರ ಅಂಚು ಇರುವುದು ಈ ಸೀಮೆಯಲ್ಲಿ. ಇಲ್ಲಿನ ಚಪ್ಪಟೆ ನೆತ್ತಿಯ ಗುಡ್ಡಗಳು ಅಗ್ನಿಪರ್ವತಗಳಲ್ಲ. ಮಳೆ, ಹಳ್ಳಗಳು ಕೊರೆದೊಯ್ದ ಬಳಿಕ ಉಳಿದ ಹಾಸಿನ ತುಂಡುಗಳು. ಚಿಂಚೋಳಿಯಲ್ಲಿ ಈ ಕಲ್ಲಿನ ನೆತ್ತಿ ಕಾಲಾಂತರದಲ್ಲಿ ಕೆಂಪು ಜಂಬಿಟ್ಟಿಗೆಯಾಗಿ ಮಾರ್ಪಟ್ಟಿದೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಾಡು ಬೆಳೆದಿರುವುದು ಅಂತಹ ನೆಲದ ಮೇಲೆ.

ಲಾವಾ ಹರಿದು ಬಂದಾಗ ಇಲ್ಲಿ ಅದಕ್ಕಿಂತ ಬಹು ಹಳೆಯದಾದ ಸುಣ್ಣಕಲ್ಲು ಆಗಲೇ ಇತ್ತು. 50 ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಕಡಲಿನ ತಳದಲ್ಲಿ ನೆಲೆನಿಂತ ಈ ಕಲ್ಲನ್ನೇ ಜನರು ಫರಸಿ ಎನ್ನುತ್ತಾರೆ. ಹೊರಗಿನವರಿಗೆ ಇದು ಶಹಾಬಾದಿ ಕಲ್ಲು. ಕಾಗಿಣಾ ದಂಡೆಯ ಮಳಖೇಡದ ಕೋಟೆಯೂ ಈ ಕಲ್ಲಿನದೇ. ಫರಸಿ ಹಾಳೆಹಾಳೆಯಾಗಿ ಸೀಳುವುದರಿಂದ ನೆಲಹಾಸಿಗೆ, ಮಾಳಿಗೆಗೆ ಒದಗುತ್ತದೆ. ಬೀಸುಕಲ್ಲಿಗೆ ಮಾತ್ರ ಗಟ್ಟಿಯಾದ ಕರಿಕಲ್ಲೇ ಬೇಕು. ಭೂವಿಜ್ಞಾನವು ಕಾಲಮಾನದಿಂದ ಬೇರ್ಪಡಿಸಿದ ಎರಡು ಶಿಲೆಗಳನ್ನು ಜನಪದರು ಕೈಯಳತೆಯಿಂದ ಬೇರ್ಪಡಿಸಿದ್ದರು.

ಮಣ್ಣಿನ ಹೆಸರುಗಳಲ್ಲಿ ಈ ತಿಳಿವು ಇನ್ನೂ ಸೂಕ್ಷ್ಮವಾಗಿದೆ. ಕರಿಕಲ್ಲು ಶಿಥಿಲಗೊಂಡರೆ ಮೊದಲು ಗರಸು, ಮುಂದೆ ಎರೆ. ಇವು ಶಿಲೆ ಮಣ್ಣಾಗುವ ಹಂತಗಳೇ. ಬೇಸಿಗೆಯಲ್ಲಿ ಬಿರಿಯುವ ಎರೆ ಮಳೆಗಾಲದ ನೀರನ್ನು ಹೀರಿ ಹಿಡಿದಿಡುತ್ತದೆ. ಮಳೆ ನಿಂತ ಮೇಲೂ ಹಿಂಗಾರಿ ಜೋಳ ಆ ತೇವದಲ್ಲಿಯೇ ಬೆಳೆಯುತ್ತದೆ. 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಕಲಬುರಗಿಯ ತೊಗರಿಯ ನೆಲವೂ ಇದೇ. ಎಳ್ಳಮಾವಾಸ್ಯೆಯಂದು ಮನೆಮಂದಿಯೆಲ್ಲ ಸಜ್ಜೆ ರೊಟ್ಟಿ, ಕಡುಬು, ಭಜ್ಜಿಯ ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಪಾಂಡವರೆಂದು ಐದು ಕಲ್ಲುಗಳನ್ನಿಟ್ಟು ಪೂಜಿಸಿ, ಬೆಳೆಯ ಸುತ್ತ ಚರಗ ಚೆಲ್ಲುತ್ತಾರೆ. ಮಳೆಯಿಲ್ಲದ ಚಳಿಗಾಲದಲ್ಲಿ ಜೋಳದ ಬೆಳೆಯನ್ನು ಹೊತ್ತು ನಿಂತ ಭೂಮಿಗೆ ಬಸುರಿಗೆ ಬಡಿಸುವಂತೆ ಉಣಬಡಿಸುವ ಈ ಆಚರಣೆ, ತೇವ ಹಿಡಿಯುವ ನೆಲದಲ್ಲಿ ಮಾತ್ರ ಇಷ್ಟು ಸಾರ್ಥಕವಾಗಬಲ್ಲದು.

ವಾಡಿಯಲ್ಲಿ 1968ರಲ್ಲಿ ಸಿಮೆಂಟ್ ಕಾರ್ಖಾನೆ ಆರಂಭವಾಯಿತು. ಸೇಡಂ, ಮಳಖೇಡಗಳಲ್ಲಿಯೂ ಕಾರ್ಖಾನೆಗಳು ತಲೆಯೆತ್ತಿದವು. ಅವುಗಳಿಗೆ ಬೇಕಾದುದು ಕೆಳಗಿನ ಸುಣ್ಣಕಲ್ಲು. ಗಣಿಯ ಭಾಷೆಯಲ್ಲಿ ಎರೆ ಕೇವಲ ಮೇಲ್ಹೊದಿಕೆ. ಮೊದಲು ಕೆರೆದು ಪಕ್ಕಕ್ಕೆ ಸುರಿಯಬೇಕಾದ ವಸ್ತು. ಹಾಡು, ಕಥೆಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದ ಈ ಊರುಗಳ ಹೊಲಗಳ ಹೆಸರುಗಳನ್ನು ವಿದ್ವಾಂಸರು ಸಂಗ್ರಹಿಸಿಲ್ಲ. ಗಣಿಗೆ ಹೋದ ಹೊಲಕ್ಕೆ ದಾಖಲೆಯಲ್ಲಿ ಸರ್ವೆ ನಂಬರು ಉಳಿಯುತ್ತದೆ. ಹೆಸರು ಉಳಿದಿರುವುದು ಅಲ್ಲಿ ಚರಗ ಚೆಲ್ಲಿದ ಹಿರಿಯರ ನೆನಪಿನಲ್ಲಿ.